ಒಂದು ಜಿಬಿ ಪೆನ್‌ಡ್ರೈವ್

ಶುಕ್ರವಾರ ಮಧ್ಯಾಹ್ನ ಹನ್ನೆರಡೂಕಾಲಿಗೆ ಪ್ರತಿಭಾ ತನ್ನ ಬದುಕಿನ ಬಹುಮುಖ್ಯವಾದ ಉತ್ತರವೊಂದನ್ನು ಟೈಪ್ ಮಾಡಿ ಸೇವ್ ಒತ್ತಿದಳು. ಕಂಪ್ಯೂಟರ್ ಒಪ್ಪಲಿಲ್ಲ. ಡಿಸ್ಕ್ ರೈಟ್ ಪ್ರೊಟೆಕ್ಟೆಡ್ ಎಂದಿತು. ಅಂದರೆ ಈ ಪೆನ್‌ಡ್ರೈವಿನಲ್ಲಿ ಇರುವುದನ್ನು ಓದಬಹುದು, ಹೊಸದಾಗಿ ಏನೂ ಬರೆಯುವಂತಿಲ್ಲ.

ಎರಡನೇ ಸಲ ಒತ್ತಿದಳು. ಅದೇ ಮಾತು. ಕುರ್ಚಿಗೆ ಒರಗಿ ಒಂದು ಲೋಟ ನೀರು ಕುಡಿದಳು. ಗಾಬರಿ ಬೀಳುವುದು ಅವಳ ಜಾಯಮಾನವಲ್ಲ. ಆದರೆ ನೀರು ಕುಡಿದದ್ದು ಬಾಯಾರಿಕೆಗಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಸಹಕಾರನಗರದ ಪಾರ್ಕಿನ ಎದುರಿಗಿರುವ ಆ ಅಂಗಡಿ ರತ್ನಕ್ಕನದು. ಮುಂಭಾಗದಲ್ಲಿ ಸೀರೆಗೆ ಫಾಲ್ಸ್, ಕುಚ್ಚು. ಹಿಂದೆ ಒಂದು ಕಂಪ್ಯೂಟರ್, ಅದರ ಮುಂದೆ ಪ್ರತಿಭಾ. ಗದಗದಿಂದ ಬಂದು ಕೊಡಿಗೇಹಳ್ಳಿಯ ಪಿ.ಜಿ.ಯಲ್ಲಿ ನಾಲ್ಕು ವರ್ಷ ಕಳೆದಿದ್ದ ಅವಳು ಬ್ಲೌಸುಗಳ ಕಸೂತಿಗೆ ಡಿಸೈನ್ ಮಾಡುತ್ತಿದ್ದಳು. ಆ ಡಿಸೈನನ್ನು ಹೊಲಿಯುವ ಮಷೀನ್ ಇದ್ದದ್ದು ಯಲಹಂಕ ಓಲ್ಡ್ ಟೌನಿನಲ್ಲಿ, ಶಿವರಾಮನ ಮನೆಯ ಹಿಂದಿನ ಶೆಡ್ಡಿನಲ್ಲಿ. ಎಲ್ಲಿಂದಲೋ ತಂದ ಹಳೇ ಮಷೀನ್, ಮಹಾ ಹಟಮಾರಿ. ಹೊಸ ಪೆನ್‌ಡ್ರೈವ್ ಸಿಕ್ಕಿಸಿದರೆ ಗುರುತೇ ಇಲ್ಲದವರ ಹಾಗೆ ಸುಮ್ಮನಿರುತ್ತಿತ್ತು. ಅದು ಒಪ್ಪುತ್ತಿದ್ದದ್ದು ಒಂದು ಜಿಬಿಯ ಈ ನೀಲಿ ಪೆನ್‌ಡ್ರೈವನ್ನು ಮಾತ್ರ. ಫೈಲಿನ ಹೆಸರೂ ಅಷ್ಟೇ, ಇಂಗ್ಲಿಷಿನ ಎಂಟು ಅಕ್ಷರ ಮೀರಿದರೆ ಮಷೀನಿನ ಪುಟ್ಟ ಪರದೆಯಲ್ಲಿ ಕಾಣುತ್ತಿರಲಿಲ್ಲ.

ಹೀಗಾಗಿ ಆ ಪೆನ್‌ಡ್ರೈವ್ ಎರಡು ವರ್ಷದಿಂದ ಯಲಹಂಕಕ್ಕೂ ಸಹಕಾರನಗರಕ್ಕೂ ಓಡಾಡಿಕೊಂಡಿತ್ತು. ಶಿವರಾಮ ಮಂಗಳವಾರ, ಶುಕ್ರವಾರ ತಂದುಕೊಡುತ್ತಿದ್ದ, ಮಾರನೇ ದಿನ ಒಯ್ಯುತ್ತಿದ್ದ. ಡಿಸೈನ್ ರೆಡಿಯಾದರೆ ಇವಳಿಂದ ಒಂದು ಮಿಸ್ಡ್ ಕಾಲ್, ಸರಿಯಾಗಿ ಹೊಲಿದು ಬಂದರೆ ಅವನಿಂದ ಒಂದು. 2011ರಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಹಾಗೆಯೇ. ಇಬ್ಬರೂ ಒಮ್ಮೆಯೂ ಫೋನ್ ಎತ್ತಿರಲಿಲ್ಲ.

ಅಂಗಡಿಯಲ್ಲಿ ಮಾತಾಡೋಣವೆಂದರೆ ರತ್ನಕ್ಕ ಇರುತ್ತಿದ್ದಳು. ರತ್ನಕ್ಕ ಇದ್ದಲ್ಲಿ ಮಾತೆಲ್ಲ ಅವಳದೇ. ಶಿವರಾಮ ಗೋಡೆಗೆ ತೂಗುಹಾಕಿದ ಸ್ಯಾಂಪಲ್ ಬ್ಲೌಸುಗಳನ್ನು ನೋಡುತ್ತ ನಿಲ್ಲುತ್ತಿದ್ದ. ನಿಜಕ್ಕೂ ಅವನು ನೋಡುತ್ತಿದ್ದದ್ದು ಪ್ರತಿಭಾಳ ಜಡೆಯನ್ನು. ಮಾನಿಟರ್ ಆಫ್ ಆಗಿದ್ದಾಗ ಅದರ ಕಪ್ಪು ಗಾಜಿನಲ್ಲಿ ಅವನ ಮುಖ ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವನು ಬರುವ ಹೊತ್ತಿಗೆ ಮಾನಿಟರ್ ಆಫ್ ಮಾಡುವುದು ಅವಳಿಗೆ ಯಾವಾಗಲೋ ರೂಢಿಯಾಗಿತ್ತು.

ಉಳಿದ ಮಾತೆಲ್ಲ ಪೆನ್‌ಡ್ರೈವಿನಲ್ಲಿ. ಅದರಲ್ಲೊಂದು ನೋಟ್‌ಪ್ಯಾಡ್ ಫೈಲ್ ಇತ್ತು. ಶಿವರಾಮ ತನ್ನ ಪಾಲನ್ನು ಯಲಹಂಕದ ಸೈಬರ್ ಸೆಂಟರಿನಲ್ಲಿ ಕೂತು ಬರೆಯುತ್ತಿದ್ದ. ಶುರುವಾದದ್ದು ಅವನ ದೂರಿನಿಂದ: ಎಡಗಡೆ ಎಸಳಿನ ಹತ್ತಿರ ಕೆಂಪು ದಾರ ಕಟ್ ಆಗ್ತಿದೆ, ನೋಡಿ. ಹೊಲಿಗೆ ಒತ್ತಾಗಿತ್ತು, ಸಡಿಲ ಮಾಡೇನಿ, ಎಂದು ಅವಳು ಕೆಳಗೆ ಬರೆದಳು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಇಬ್ಬರದೂ ತಪ್ಪುತಪ್ಪು. ಆರು ತಿಂಗಳಾದ ಮೇಲೆ ಅವನು, ನಿನ್ನೆ ನೀವು ಹಾಕ್ಕೊಂಡಿದ್ದ ಹಸಿರಿಗೆ ನಮ್ಮತ್ರ ದಾರ ಇಲ್ಲ, ಇಡೀ ಚಿಕ್ಕಪೇಟೆ ಹುಡುಕಿದೆ, ಎಂದು ಬರೆದ. ಯಾರು ಹುಡುಕು ಅಂದಿದ್ರು, ಎಂದು ಅವಳು ಬರೆದಳು. ಮುಂದಿನ ಶುಕ್ರವಾರ ಅದೇ ಹಸಿರು ಚೂಡಿದಾರ ಹಾಕಿಕೊಂಡು ಬಂದಳು.

ಈ ದಿನದ ಟಿಪ್ಪಣಿ ಚಿಕ್ಕದಿತ್ತು. "ಭಾನುವಾರ ದೊಡ್ಡಬಳ್ಳಾಪುರಕ್ಕೆ ಹೆಣ್ಣು ನೋಡೋಕೆ ಹೊರಟಿದ್ದಾರೆ. ಅಪ್ಪಂಗೆ ಒಪ್ಪಿಗೆಯಾಗಿದೆ. ನಾನು ಹೋದ್ರೆ ಮಾತು ಮುಗಿದ ಹಾಗೇನೇ. ಹೋಗ್ಲಾ, ಬೇಡ್ವಾ? ನೀವು ಹೇಳಿದ ಹಾಗೆ."

ಅವಳಿಗೆ ಅವನು ಬೇಕಾಗಿದ್ದ. ಇದು ಅವಳಿಗೆ ಯುಗಾದಿಯ ಹೊತ್ತಿಗೇ ಗೊತ್ತಿತ್ತು, ಹೇಳುವ ಸಂದರ್ಭ ಬಂದಿರಲಿಲ್ಲ, ಅಷ್ಟೆ. ಹಾಗಾಗಿ ಹೆಚ್ಚು ಯೋಚಿಸದೆ ‘ಹೋಗಬ್ಯಾಡ್ರಿ’ ಎಂದು ಒಂದೇ ಮಾತು ಟೈಪ್ ಮಾಡಿದ್ದಳು. ಸೇವ್ ಆಗದೆ ನಿಂತದ್ದು ಆ ಒಂದೇ ಮಾತು.

ನೆಟ್‌ನಲ್ಲಿ ಹುಡುಕಿದಳು. ಕಂಪ್ಯೂಟರಿನ ರಿಜಿಸ್ಟ್ರಿ ಸೆಟ್ಟಿಂಗಿಗೆ ಹೋಗಿ ಒಂದು ಇರುವಲ್ಲಿ ಸೊನ್ನೆ ಹಾಕಿ ಎಂದು ಯಾರೋ ಪುಣ್ಯಾತ್ಮ ಬರೆದಿದ್ದ. ಹಾಕಿದಳು. ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿದಳು. ಆಗಲಿಲ್ಲ. ಕಪ್ಪು ಕಿಟಕಿ ತೆರೆದು ಅಲ್ಲಿ ಕಮಾಂಡ್ ಕೊಡಿ ಎಂದು ಇನ್ನೊಬ್ಬ ಬರೆದಿದ್ದ. ಕೊಟ್ಟಳು. ಕೆಲಸ ಯಶಸ್ವಿಯಾಯಿತು ಎಂದು ಕಂಪ್ಯೂಟರ್ ಹೇಳಿತು, ಸೇವ್ ಮಾತ್ರ ಆಗಲಿಲ್ಲ. ಅಷ್ಟರಲ್ಲಿ ರತ್ನಕ್ಕ ಊಟ ಮುಗಿಸಿ ಬಂದು ಬಗ್ಗಿ ನೋಡಿದಳು. ಸೋಮವಾರಕ್ಕೆ ಮದುಮಗಳ ಬ್ಲೌಸ್ ಕೊಡಬೇಕಿತ್ತು, ಅದರ ಡಿಸೈನೂ ಈ ಪೆನ್‌ಡ್ರೈವಿಗೇ ಹೋಗಬೇಕಿತ್ತು. ಇರುವುದನ್ನೆಲ್ಲ ಅಳಿಸಿ ಫಾರ್ಮ್ಯಾಟ್ ಹೊಡೆದುಬಿಡು ಎಂಬುದು ರತ್ನಕ್ಕನ ಸಲಹೆ. ಅವಳೆದುರಿಗೆ ಬೇರೆ ದಾರಿಯಿಲ್ಲದೆ ಪ್ರತಿಭಾ ಅದನ್ನೂ ಒತ್ತಿದಳು. ಅದಕ್ಕೂ ಪೆನ್‌ಡ್ರೈವ್ ಒಪ್ಪಲಿಲ್ಲ. ಎರಡು ವರ್ಷದ ಮಾತುಗಳು ಉಳಿದವಲ್ಲ ಎಂದು ಅವಳಿಗೆ ಜೀವ ಬಂದ ಹಾಗಾಯಿತು.

ಪೆನ್‌ಡ್ರೈವನ್ನು ಕಿತ್ತು ಕೈಯಲ್ಲಿ ಹಿಡಿದಾಗಲೇ ಅದರ ಪಕ್ಕದ ಸೀಳು ಕಣ್ಣಿಗೆ ಬಿದ್ದದ್ದು. ಒಳಗೆ ಅಕ್ಕಿಕಾಳಿನಷ್ಟು ಚಿಕ್ಕ ಸ್ವಿಚ್. ಒಮ್ಮೆ ಮಷೀನ್ ಡಿಸೈನುಗಳನ್ನೆಲ್ಲ ಅಳಿಸಿಹಾಕಿತ್ತಂತೆ. ಅಂದಿನಿಂದ ಮಷೀನಿಗೆ ಹಾಕುವ ಮುಂಚೆ ಸ್ವಿಚ್ ಸರಿಸಿ ಲಾಕ್ ಮಾಡುತ್ತೇನೆ, ತೆಗೆದ ತಕ್ಷಣ ಲಾಕ್ ಬಿಡಿಸುತ್ತೇನೆ, ಒಂದು ದಿನವೂ ಮರೆತಿಲ್ಲ ಎಂದು ಶಿವರಾಮ ಹಿಂದೊಮ್ಮೆ ಜಂಬದಿಂದ ಬರೆದಿದ್ದ. ಸ್ವಿಚ್ ಈಗ ಲಾಕ್ ಕಡೆಗಿತ್ತು. ಅದರ ತುದಿಯೂ ಮುರಿದಿತ್ತು. ಉಗುರು ಹಾಕಿದರೆ ಸಿಗುತ್ತಿರಲಿಲ್ಲ.

ಒಂದು ದಿನವೂ ಮರೆಯದವನು ಇವತ್ತೇ ಹೇಗೆ ಮರೆತ? ಮರೆತಿಲ್ಲ ಎಂದು ಅವಳು ಲೆಕ್ಕ ಹಾಕಿದಳು. ಹೋಗುವುದೆಂದು ಆಗಲೇ ನಿರ್ಧರಿಸಿದ್ದಾನೆ, ಕೇಳಿದ ಶಾಸ್ತ್ರ ಮಾಡಿ ಬಾಗಿಲು ಹಾಕಿಕೊಂಡಿದ್ದಾನೆ. ಫೋನ್ ಮಾಡಿ ಕೇಳಬಹುದಿತ್ತು. ಮಾಡಲಿಲ್ಲ. ಉತ್ತರ ಬೇಡವೆಂದವನಿಗೆ ಬಲವಂತವಾಗಿ ಉತ್ತರ ಕೊಡುವಷ್ಟು ಅಗ್ಗವಾಗುವುದು ಅವಳಿಗೆ ಬೇಕಿರಲಿಲ್ಲ. ಸಂಜೆ ಪಿ.ಜಿ.ಗೆ ನಡೆದು ಹೋಗುವಾಗ ಕಣ್ಣಲ್ಲಿ ನೀರು ಬಂತು. ದಾರಿಯ ಧೂಳೆಂದು ಹೇಳಿಕೊಳ್ಳಲೂ ಪಕ್ಕದಲ್ಲಿ ಯಾರೂ ಇರಲಿಲ್ಲ.

ಶನಿವಾರ ನಾಲ್ಕು ಗಂಟೆಗೆ ಶಿವರಾಮ ಬಂದ. ರತ್ನಕ್ಕ ಗಿರಾಕಿಯೊಬ್ಬರಿಗೆ ಕುಚ್ಚಿನ ಬಣ್ಣ ತೋರಿಸುತ್ತಿದ್ದಳು. ಪ್ರತಿಭಾ ಈ ದಿನ ಮಾನಿಟರ್ ಆಫ್ ಮಾಡಿರಲಿಲ್ಲ. ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟು ಅವನ ಕಡೆ ಸರಿಸಿದಳು.

"ಲಾಕ್ ಮಾಡಿ ತಂದೀರಿ," ಎಂದಳು ಮೆಲ್ಲಗೆ. "ಉತ್ತರ ಬ್ಯಾಡಂದ್ರ ಕೇಳಬಾರದಿತ್ತು."

ಶಿವರಾಮ ಪೆನ್‌ಡ್ರೈವನ್ನು ನೋಡಿದ. ಅವನ ಕಿವಿ ಕೆಂಪಾಯಿತು. ಗೋಡೆಯ ಬ್ಲೌಸುಗಳ ಕಡೆಗೆ ತಿರುಗಿದವನು ಮತ್ತೆ ಇತ್ತ ತಿರುಗಿದ, ಎರಡು ವರ್ಷದಲ್ಲಿ ಮೊದಲ ಸಲ ನೇರವಾಗಿ ಅವಳನ್ನೇ ನೋಡಿದ.

"ಮೂರು ಸಲ ಬರ್ದೆ, ಮೂರು ಸಲ ಅಳಿಸ್ದೆ ಕಣ್ರೀ," ಎಂದ. "ನಾಲ್ಕನೇ ಸಲ ಬರ್ದಾಗ ಮತ್ತೆ ಅಳಿಸ್ಬಿಡ್ತೀನಿ ಅನ್ನಿಸ್ತು. ಅದಕ್ಕೆ ಲಾಕ್ ಮಾಡ್ದೆ. ಜೋರಾಗಿ ಒತ್ಬಿಟ್ಟೆ, ತುದಿ ಮುರೀತು. ನಿನ್ನೆ ಇಲ್ಲಿ ಹೇಳೋಣ ಅಂದ್ರೆ..." ರತ್ನಕ್ಕನ ಬೆನ್ನಿನ ಕಡೆ ಕಣ್ಣು ಹಾಯಿಸಿದ. "ರಾತ್ರಿಯೆಲ್ಲ ಅದೇ ಯೋಚ್ನೆ. ನೀವು ಹೆಂಗೂ ಬಿಡಿಸ್ಕೊಂಡು ಬರೀತೀರ ಅಂದ್ಕೊಂಡೆ."

ತನ್ನ ಲೆಕ್ಕ ಹಿಂದೆಂದೂ ಇಷ್ಟು ಚೆನ್ನಾಗಿ ತಪ್ಪಿದ್ದು ಪ್ರತಿಭಾಳಿಗೆ ನೆನಪಿರಲಿಲ್ಲ. ನಗು ಬಂತು. ತಡೆದುಕೊಂಡಳು, ಪೂರ್ತಿ ತಡೆಯಲಾಗಲಿಲ್ಲ. ಅದನ್ನು ಅವನು ಕಂಡ.

"ಸೂಜಿ ಐತೇನ್ರಿ?"

ಅವನ ಕಾಲರಿನ ಹಿಂದೆ ಸದಾ ಒಂದು ಸೂಜಿ ಸಿಕ್ಕಿಸಿರುತ್ತಿತ್ತು. ತೆಗೆದು, ಸೀಳಿನೊಳಗೆ ತುದಿಯಿಟ್ಟು ಮೆಲ್ಲಗೆ ನೂಕಿದ. ಮೊದಲು ಜಾರಿತು. ಅವಳು ಪೆನ್‌ಡ್ರೈವನ್ನು ಎರಡೂ ಕಡೆ ಬಿಗಿಯಾಗಿ ಹಿಡಿದುಕೊಂಡಳು. ಅವನ ಬೆರಳು ಅವಳ ಬೆರಳಿಗೆ ತಾಗಿತು, ಇಬ್ಬರೂ ತೆಗೆಯಲಿಲ್ಲ. ಸ್ವಿಚ್ ಸಣ್ಣಗೆ ಸದ್ದು ಮಾಡಿ ಆ ಬದಿಗೆ ಸರಿಯಿತು. ಒಂದು ದಿನವೆಲ್ಲ ಕಂಪ್ಯೂಟರಿಗೆ ಆಗದ ಕೆಲಸ ಅರ್ಧ ನಿಮಿಷದಲ್ಲಿ ಮುಗಿದಿತ್ತು.

ಅವಳು ಪೆನ್‌ಡ್ರೈವನ್ನು ಸಿಕ್ಕಿಸಿ ಮದುಮಗಳ ಡಿಸೈನ್ ತೆರೆದಳು. ಟಿಪ್ಪಣಿಯ ಫೈಲ್ ತೆರೆಯಲಿಲ್ಲ. ಡಿಸೈನಿನ ಹಳೇ ಹೆಸರು ಅಳಿಸಿ ಹೊಸ ಹೆಸರು ಕೊಟ್ಟಳು. ಎಂಟು ಅಕ್ಷರದಲ್ಲಿ ಮುಗಿಸಬೇಕಿತ್ತು. ಗದಗದ ಮಾತು ಎಂಟರಲ್ಲಿ ಹಿಡಿಯಲಿಲ್ಲ, ಅವನ ಕಡೆಯ ಮಾತಿನಲ್ಲಿ ಸರಿಯಾಗಿ ಕೂತಿತು. ಸೇವ್ ಆಯಿತು. ಪೆನ್‌ಡ್ರೈವನ್ನು ಕಿತ್ತು, ಅವನ ಕೈಯಿಂದ ಸೂಜಿ ಇಸಿದುಕೊಂಡು, ಸ್ವಿಚ್ಚನ್ನು ತಾನೇ ಲಾಕ್ ಕಡೆಗೆ ಸರಿಸಿದಳು.

"ಉತ್ತರ?" ಎಂದ ಅವನು.

"ಮಷೀನ್‌ಗೆ ಹಾಕಿ ನೋಡ್ರಿ. ಇನ್ನ ಯಾರಿಗೂ ಅಳಸಾಕ ಬರಂಗಿಲ್ಲ."

ಇನ್ನೇನೋ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ರತ್ನಕ್ಕ ಇತ್ತ ಬಂದು, ಬ್ಲೌಸ್ ಸೋಮವಾರ ಬೆಳಗ್ಗೆಯೇ ಕೈಗೆ ಬರಬೇಕೆಂದು ಅವನಿಗೆ ತಾಕೀತು ಮಾಡತೊಡಗಿದಳು. ಅವನು ತಲೆಯಾಡಿಸುತ್ತ ಸ್ಕೂಟರ್ ಏರಿದ. ಸೂಜಿ ಅವಳ ಹತ್ತಿರವೇ ಉಳಿಯಿತು.

ಸಂಜೆ ಆರೂವರೆಗೆ ಅಂಗಡಿಯಲ್ಲೇ ಇದ್ದ ಪ್ರತಿಭಾಳ ಫೋನ್ ಹೊಡೆದುಕೊಂಡಿತು. ಒಂದು ರಿಂಗ್ ಆಗಿ ಕಟ್ ಆಗಬೇಕಿತ್ತು. ಕಟ್ ಆಗಲಿಲ್ಲ. ಎರಡು, ಮೂರು, ನಾಲ್ಕು. ಅವಳು ಎತ್ತಿದಳು.

ಆ ಕಡೆ ಮಷೀನಿನ ಸದ್ದು ನಿಂತಿತ್ತು. ಶೆಡ್ಡಿನಲ್ಲಿ ಅವನ ತಾಯಿ ಮುನಿಯಲ್ಲಮ್ಮ ಮಷೀನಿನ ಪಕ್ಕ ಕೂತು ದಾರ ಕತ್ತರಿಸುತ್ತಾಳೆಂದು, ಡಿಸೈನಿನ ಹೆಸರು ನೋಡಿ ಬ್ಲೌಸ್ ಹುಡುಕಿ ಹುಡುಕಿ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಕಲಿತಿದ್ದಾಳೆಂದು ಅವನು ಯಾವಾಗಲೋ ಬರೆದದ್ದು ಪ್ರತಿಭಾಳಿಗೆ ಈಗ ನೆನಪಾಯಿತು. ಹಿಂದಿನಿಂದ ಒಂದು ಹೆಂಗಸಿನ ದನಿ ಕೇಳಿಬಂತು.

"ಓಗಬೇಡಿ ಅಂತೈತಲ್ಲೋ. ಯಾರ್ಲಾ ಅದು? ಯಾರ್ನ ಎಲ್ಲಿಗ್ ಓಗಬೇಡಿ ಅಂತಾವ್ರೆ?"

"ಅಮ್ಮ ಓದ್ಬಿಟ್ರು," ಎಂದ ಶಿವರಾಮ. "ಏನಂತ ಹೇಳ್ಲಿ?"

ರತ್ನಕ್ಕ ಕತ್ತರಿ ಕೆಳಗಿಟ್ಟು ಇವಳನ್ನೇ ನೋಡುತ್ತಿದ್ದಳು. ಪ್ರತಿಭಾ ಹೊರಗೆ ಎದ್ದುಹೋಗಲಿಲ್ಲ, ದನಿಯನ್ನೂ ತಗ್ಗಿಸಲಿಲ್ಲ.

"ಖರೇ ಹೇಳ್ರಿ," ಎಂದಳು. ಅವನು ತಾಯಿಗೆ ಹೇಳುವುದನ್ನು ಕೇಳಿಸಿಕೊಳ್ಳಲು ಫೋನನ್ನು ಕಿವಿಗೆ ಹಿಡಿದೇ ಕೂತಳು.