ರಿಹರ್ಸಲ್ ರಾಣಿ

"ಬಾಯಿ ತೆಗಿ," ಎಂದಳು ಅಮ್ಮ.

ಗ್ಲೆಂಡಾ ಹಲ್ಲು ಕಚ್ಚಿ ನಿಂತಳು. ಅಮ್ಮನ ಕೈಯಲ್ಲಿ ಬಚ್ಚಲಿನ ಬಿಳಿ ಸೋಪಿತ್ತು.

"ತೆಗಿ ಅಂದೆ. ಕೆಟ್ಟ ಮಾತಾಡಿದ ಬಾಯಿಗೆ ಸೋಪು. ನಮ್ಮಮ್ಮ ನನಗೂ ಹಾಕಿದ್ಳು, ನಾನೇನು ಸತ್ತುಹೋದ್ನಾ?"

ಸೋಪು ನಾಲಿಗೆಗೆ ತಾಗಿತು. ತಮ್ಮ ಡ್ವೇನ್ ಬಾಗಿಲ ಸಂದಿಯಲ್ಲಿ ಇಣುಕಿ ಕಿಸಕ್ಕನೆ ನಕ್ಕ. "ಗ್ಲೆಂಡಾ, ಗುಳ್ಳೆ ಬಿಡು, ಗುಳ್ಳೆ ಬಿಡು!"

ಗ್ಲೆಂಡಾ ಅವನತ್ತ ಟವೆಲ್ ಎಸೆದಳು.

"ನಿಮ್ಮ ಟೀಚರ್ ಮಿಸೆಸ್ ಕುಬೆನಾ ಫೋನ್ ಮಾಡಿದಾಗ ನನಗೆ ಮುಖ ಎಲ್ಲಿಟ್ಟುಕೊಳ್ಳೋದು ಅಂತ ಗೊತ್ತಾಗಲಿಲ್ಲ," ಎಂದಳು ಅಮ್ಮ. "ಇಡೀ ಕ್ಲಾಸಿನ ಮುಂದೆ ಆ ಮಾತಾ? ಎಲ್ಲಿ ಕಲಿತೆ?"

"ಕಾರು ಸ್ಟಾರ್ಟ್ ಆಗದೇ ಇದ್ದಾಗ ಅಪ್ಪ ಅನ್ನಲ್ವಾ?"

ಅಮ್ಮ ನಲ್ಲಿಯತ್ತ ತಿರುಗಿದಳು. ಸೋಪನ್ನು ಬಹಳ ಹೊತ್ತು ತೊಳೆದಳು.

ತಪ್ಪು ತನ್ನದಲ್ಲ ಎಂದೇ ಗ್ಲೆಂಡಾ ನಂಬಿದ್ದಳು. ಶಾಲೆಯ ನಾಟಕದಲ್ಲಿ ಅವಳ ಕ್ಲಾಸಿನ ಪ್ಯಾಟ್ಸಿ ಹೂಗಳ ರಾಣಿ ಆಗಬೇಕಿತ್ತು. ಪ್ಯಾಟ್ಸಿಗೆ ಮಂಗನಬಾವು ಬಂದು ಕೆನ್ನೆ ಕುಂಬಳಕಾಯಿಯಾಯಿತು. "ಅವಳಿಗೆ ವಾಸಿಯಾಗಲಿ, ಅಲ್ಲಿಯವರೆಗೆ ನೀನು ಮಾಡ್ತಿರು," ಎಂದು ಮಿಸೆಸ್ ಕುಬೆನಾ ಗ್ಲೆಂಡಾಳನ್ನು ನಿಲ್ಲಿಸಿದ್ದರು. ಗ್ಲೆಂಡಾ 'ಅಲ್ಲಿಯವರೆಗೆ' ಎಂಬ ಮಾತನ್ನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ರಾಣಿಯ ಮಾತೆಲ್ಲ ಬಾಯಿಪಾಠ ಮಾಡಿದಳು. ಬೆನ್ನು ನೆಟ್ಟಗೆ ಇಟ್ಟುಕೊಂಡು ನಡೆಯುವುದನ್ನು ಕಲಿತಳು. ವೇದಿಕೆಯ ಮೇಲೆ ಬಣ್ಣ ಬಳಿದ ಮರದ ಮೆಟ್ಟಿಲುಗಳಿದ್ದವು. ರಾಣಿ ಅವುಗಳನ್ನು ಇಳಿದು ಬರಬೇಕು. ಅದರಲ್ಲಿ ಒಂದು ಮೆಟ್ಟಿಲು ಸಡಿಲ. ನಡುವೆ ಕಾಲಿಟ್ಟರೆ ಕಿರ್ರೆಂದು ವಾಲುತ್ತಿತ್ತು. ಒಮ್ಮೆ ಬೀಳುವುದರಲ್ಲಿದ್ದ ಗ್ಲೆಂಡಾ ಆಮೇಲೆ ಉಪಾಯ ಕಂಡುಕೊಂಡಳು. ಗೋಡೆಯ ಕಡೆಗೆ ಒತ್ತಿ ಕಾಲಿಟ್ಟರೆ ಅದು ಅಲ್ಲಾಡುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಅದು ರಾಣಿಯ ಗುಟ್ಟು.

ಇವತ್ತು ಪ್ಯಾಟ್ಸಿ ವಾಪಸಾದಳು. ಮಿಸೆಸ್ ಕುಬೆನಾ ಗ್ಲೆಂಡಾಳ ತಲೆಯ ಕಿರೀಟ ತೆಗೆದು ಪ್ಯಾಟ್ಸಿಯ ತಲೆಗಿಟ್ಟರು. "ಥ್ಯಾಂಕ್ಯೂ ಗ್ಲೆಂಡಾ. ನಾಳೆ ನೀನು ಪರದೆ ಎಳಿ."

"ಪಾಪ, ರಿಹರ್ಸಲ್ ರಾಣಿ!" ಎಂದಳು ಪ್ಯಾಟ್ಸಿ, ಎಲ್ಲರಿಗೂ ಕೇಳುವಂತೆ. "ನಿಮ್ಮಪ್ಪನ ರಾಕೆಟ್ಟೂ ಹಾಗೇ ಅಲ್ವಾ? ಚಂದ್ರನ ತನಕ ಹೋಗುತ್ತಂತೆ, ಇಳಿಯೋದೇ ಇಲ್ವಂತೆ! ನಮ್ಮಪ್ಪ ಮುಂದಿನದಕ್ಕೆ ಕೆಲಸ ಮಾಡ್ತಿದಾರೆ. ಅದು ಇಳಿಯುತ್ತೆ. ನಿಮ್ಮನೇಲಿ ಎಲ್ರೂ ಬರೀ ರಿಹರ್ಸಲ್ಲೇ!"

ಆಗ ಗ್ಲೆಂಡಾಳ ಬಾಯಿಂದ ಆ ಮಾತು ಬಂದದ್ದು.

ವೇದಿಕೆಗೆ ಮೆಟ್ಟಿಲು ಬಂದಾಗ ಪ್ಯಾಟ್ಸಿ ರಜೆಯಲ್ಲಿದ್ದಳು, ಇವತ್ತೂ ಅದನ್ನು ಹತ್ತಿರಲಿಲ್ಲ. ಮಾತು ಮಾತ್ರ ಒಪ್ಪಿಸಿದ್ದಳು. ಮೆಟ್ಟಿಲು ಇಳಿಯುವುದು ನಾಳೆಯೇ, ಎಲ್ಲರ ಅಪ್ಪ ಅಮ್ಮಂದಿರ ಮುಂದೆ. 'ಬೀಳಲಿ,' ಎಂದುಕೊಂಡಳು ಗ್ಲೆಂಡಾ. 'ಕಿರೀಟ ಉರುಳಿ ಹೋಗಲಿ.'

ಸಂಜೆ ಟೀವಿಯಲ್ಲಿ ಚಂದ್ರನದೇ ಸುದ್ದಿ. ಹ್ಯೂಸ್ಟನ್ನಿನ ಆ ಬೀದಿಯಲ್ಲಿ ಎಲ್ಲ ಮನೆಯ ಟೀವಿಯೂ ಅದನ್ನೇ ಹೇಳುತ್ತಿತ್ತು. ಇಬ್ಬರು ಪುಟ್ಟ ನೌಕೆಯಲ್ಲಿ ಕೂತು ಚಂದ್ರನಿಗೆ ತೀರಾ ಹತ್ತಿರ ಹೋಗಿದ್ದರು. ಮೂರನೆಯವನು ದೊಡ್ಡ ನೌಕೆಯಲ್ಲಿ ಮೇಲೆ ಕಾಯುತ್ತಿದ್ದ. ಬಂಡೆ, ಗುಂಡಿ, ದಿಬ್ಬ, ಕಂಡದ್ದೆಲ್ಲವನ್ನೂ ಇಬ್ಬರೂ ಒಂದೇ ಸಮನೆ ಹೇಳುತ್ತಿದ್ದರು.

"ಅಷ್ಟು ಹತ್ರ ಹೋಗಿದಾರಲ್ಲ, ಇಳಿದುಬಿಡಬಾರದಾ?" ಗ್ಲೆಂಡಾ ಸಿಡುಕಿದಳು. "ದಡ್ಡರು!"

"ಇಳಿಯೋ ಹಾಗಿಲ್ಲ ಕಣೇ. ದಾರಿ ನೋಡಿಕೊಂಡು ಬಾ ಅಂತ ಕಳಿಸಿರೋದು," ಎಂದಳು ಅಮ್ಮ, ಬೀನ್ಸ್ ಬಡಿಸುತ್ತ.

ಅಷ್ಟರಲ್ಲಿ ಆ ದನಿಗಳು ಒಮ್ಮೆಲೇ ಗಡಿಬಿಡಿಯಾದವು. ಒಬ್ಬ ಜೋರಾಗಿ ಬೈದ. ಗ್ಲೆಂಡಾ ಕ್ಲಾಸಿನಲ್ಲಿ ಆಡಿದ್ದ ಅದೇ ಮಾತು! ಇಡೀ ಲೋಕಕ್ಕೆ ಕೇಳಿಸಿತು.

ಅಮ್ಮನ ಕೈಯ ಸೌಟು ಅಲ್ಲೇ ನಿಂತಿತು.

"ಅಮ್ಮಾ," ಎಂದ ಡ್ವೇನ್, "ರಾಕೆಟ್ಟಲ್ಲಿ ಸೋಪಿದೆಯಾ?"

"ಸುಮ್ನೆ ತಿನ್ನೋ!" ಎಂದಳು ಅಮ್ಮ. ಆದರೆ ಅವಳ ಮುಖ ಬಿಳಿಚಿಕೊಂಡಿತ್ತು. ರಾಕೆಟ್ ಕೇಂದ್ರದಲ್ಲಿ ಕೆಲಸ ಮಾಡುವ ಅಪ್ಪನಂಥವರ ಮನೆಯವರಿಗೆ ಗೊತ್ತಿತ್ತು, ನೌಕೆಯಲ್ಲಿರುವವರು ಸುಮ್ಮಸುಮ್ಮನೆ ಹಾಗೆ ಕೂಗುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ದನಿಗಳು ಮತ್ತೆ ಸಮಾಧಾನವಾದವು. ಅಮ್ಮ ಕುರ್ಚಿಯಲ್ಲಿ ಕೂತು, ತಣ್ಣಗಿನ ಟೀಯನ್ನು ಒಂದೇ ಗುಟುಕಿಗೆ ಕುಡಿದಳು.

ಬೆಳಗ್ಗೆ ಅಪ್ಪ ಬಂದ. ಗಡ್ಡ ಬೆಳೆದಿತ್ತು, ಟೈ ಜೇಬಿನಲ್ಲಿತ್ತು. ನಿಜವಾದ ಪ್ರಯಾಣಕ್ಕೆ ಮೊದಲು ಅವನ ಕೇಂದ್ರದಲ್ಲಿ ನೆಲದ ಮೇಲೇ ಸುಳ್ಳು ಪ್ರಯಾಣ ನಡೆಸುತ್ತಾರೆ. ಅದರಲ್ಲಿ ಬೇಕೆಂದೇ ಏನಾದರೂ ಕೆಡಿಸಿ, ಎಲ್ಲರನ್ನೂ ಫಜೀತಿಗೆ ಸಿಕ್ಕಿಸುವುದು ಅಪ್ಪನ ಕೆಲಸ.

"ಅವರು ಯಾಕೆ ಬೈದ್ರು?" ಗ್ಲೆಂಡಾ ಕೇಳಿದಳು.

"ಒಂದು ಸ್ವಿಚ್ ಇರಬೇಕಾದ ಕಡೆ ಇರಲಿಲ್ಲ. ನೌಕೆ ಬುಗುರಿ ಹಾಗೆ ತಿರುಗಿಬಿಡ್ತು."

"ನೀನು ಸುಳ್ಳು ಪ್ರಯಾಣದಲ್ಲಿ ಅದನ್ನ ಕೆಡಿಸಿರಲಿಲ್ವಾ?"

ಅಪ್ಪ ಚಮಚ ಕೆಳಗಿಟ್ಟ. "ಇಲ್ಲ. ನನಗೆ ಅದು ಹೊಳೆದೇ ಇರಲಿಲ್ಲ."

"ಮುಂದೆ ಹೋಗೋರಿಗೂ ಹಾಗೇ ಆದ್ರೆ?"

"ಆಗಲ್ಲ. ಇವರು ಎಲ್ಲಾ ಹೇಳ್ತಿದಾರಲ್ಲ."

"ಅವರು ಇಳಿಯೋಕೆ ಇವರು ಯಾಕೆ ಹೇಳಿಕೊಡಬೇಕು?" ಗ್ಲೆಂಡಾಳ ದನಿ ಏರಿತು. "ಇವರಿಗೆ ಕೋಪ ಬರಲ್ವಾ?"

"ಬರದೇ ಇರುತ್ತಾ? ಚಂದ್ರ ಕಾಲ ಕೆಳಗೇ ಇತ್ತು. ನೆನೆಸಿಕೊಂಡ್ರೆ ನನಗೇ ಹೊಟ್ಟೆ ಉರಿಯುತ್ತೆ." ಅಪ್ಪ ಕಣ್ಣುಜ್ಜಿಕೊಂಡ. "ಇನ್ನೊಂದು ಟೋಸ್ಟ್ ಕೊಡ್ತೀಯಾ?"

ಕೋಪ ಮಾಡಿಕೊಳ್ಳಬಾರದು ಎಂದು ಅಪ್ಪ ಹೇಳುತ್ತಾನೆ, ಆಗ ಜಗಳವಾಡಬಹುದು ಎಂದುಕೊಂಡಿದ್ದಳು ಗ್ಲೆಂಡಾ. ಅವನು ಹಾಗೆ ಹೇಳಲೇ ಇಲ್ಲ. ಕೋಪ ಹಾಗೇ ಉಳಿಯಿತು.

ಸಂಜೆ ಶಾಲೆಯ ಹಾಲ್ ತುಂಬಿತ್ತು. ಗ್ಲೆಂಡಾ ಪರದೆಯ ಹಗ್ಗ ಹಿಡಿದು ಮೂಲೆಯಲ್ಲಿ ನಿಂತಿದ್ದಳು. ಪ್ಯಾಟ್ಸಿ ಅವಳ ಪಕ್ಕದಿಂದ ಹಾದು, ಹಿಂಬದಿಯಿಂದ ಮೆಟ್ಟಿಲ ತುದಿಗೆ ಹತ್ತಬೇಕಿತ್ತು. ಕಿರೀಟ ಹೊಳೆಯುತ್ತಿತ್ತು. ಉದ್ದ ಲಂಗ ನೆಲಕ್ಕೆ ತಾಗುತ್ತಿತ್ತು. ಕಾಲು ಎಲ್ಲಿಡುತ್ತೇನೆ ಎಂದು ಅವಳಿಗೇ ಕಾಣುತ್ತಿರಲಿಲ್ಲ.

"ಏನೇ ದುರುಗುಟ್ತೀಯ?" ಪ್ಯಾಟ್ಸಿ ಪಿಸುಗುಟ್ಟಿದಳು. "ಹಗ್ಗ ಸರಿಯಾಗಿ ಎಳಿ, ರಿಹರ್ಸಲ್ ರಾಣಿ."

ಗ್ಲೆಂಡಾಳ ಬಾಯಲ್ಲಿ ಆ ಮಾತು ಮತ್ತೆ ಉಕ್ಕಿ ಬಂತು. ಜೊತೆಗೆ ಸೋಪಿನ ರುಚಿಯೂ ಬಂತು. ಅವಳು ನುಂಗಿಕೊಂಡಳು. ಪಿಯಾನೋ ಶುರುವಾಯಿತು. ಪ್ಯಾಟ್ಸಿ ತಿರುಗಿ ಹೊರಟಳು.

"ಲೇ!" ಗ್ಲೆಂಡಾ ಅವಳ ತೋಳನ್ನು ಗಟ್ಟಿಯಾಗಿ ಹಿಡಿದಳು. "ಇಳಿಯೋವಾಗ ಗೋಡೆ ಕಡೆ ಕಾಲಿಡು. ನಡುವೆ ಇಡಬೇಡ, ಒಂದು ಮೆಟ್ಟಿಲು ವಾಲುತ್ತೆ."

"ಸುಳ್ಳು!"

"ನಾನು ಇಳಿದಿದೀನಿ. ನೀನು ಇಳಿದಿಲ್ಲ."

ಪ್ಯಾಟ್ಸಿ ಅವಳ ಮುಖವನ್ನೇ ನೋಡಿದಳು. ಮೇಲೆ ಹತ್ತಿದಳು.

ಗ್ಲೆಂಡಾ ಹಗ್ಗ ಎಳೆದಳು. ಬೆಳಕು ಬಿತ್ತು, ಚಪ್ಪಾಳೆ ಬಿತ್ತು. ಅವಳಿಗೆ ಇನ್ನೂ ಕೋಪವಿತ್ತು. ಕಿರೀಟವನ್ನು ನೋಡಲಿಲ್ಲ, ಲಂಗದ ಅಂಚನ್ನೇ ನೋಡುತ್ತಿದ್ದಳು. ರಾಣಿ ಇಳಿದಳು, ಇನ್ನೂ ಇಳಿದಳು. ಆ ಮೆಟ್ಟಿಲ ಹತ್ತಿರ ಒಂದು ಕ್ಷಣ ನಿಂತಳು. ಆಮೇಲೆ ಬಿಳಿ ಶೂ ಮೆಲ್ಲನೆ ಗೋಡೆಯ ಕಡೆಗೆ ಸರಿಯಿತು.

ಮೆಟ್ಟಿಲು ಸದ್ದು ಮಾಡಲಿಲ್ಲ. ಅದು ಸದ್ದು ಮಾಡಲಿಲ್ಲ ಎಂದು ಆ ಇಡೀ ಹಾಲ್‌ನಲ್ಲಿ ಕೇಳಿಸಿಕೊಂಡವಳು ಗ್ಲೆಂಡಾ ಒಬ್ಬಳೇ.