ಬರಿದೆಂದು ತೋರಿದ ಕಡಲು

ಗಂಗೊಳ್ಳಿಯ ಅಳಿವೆಯಾಚೆ ಹಡಗುಗಳು ಸಾಗುತ್ತಿದ್ದವು. ಗಮಕಿಯ ದನಿಯ ಹಿಂದೆ ಅರ್ಥ ಹೇಳುವವನ ದನಿ ನಡೆಯುವಂತೆ, ಒಂದಕ್ಕೊಂದು ಎಡೆಕೊಟ್ಟು, ತಡವರಿಸದೆ. ಯಾವುದರಲ್ಲೂ ಕಪ್ತಾನನಿರಲಿಲ್ಲ. ದಾರಿ ತೋರುತ್ತಿದ್ದುದು ಡಾ. ಸುಲಲಿತಾ ಮೊಗವೀರ ಕಂಡುಹಿಡಿದ ನುಡಿಬಿಲ್ಲೆ. ಹಡಗಿರಲಿ, ದೋಣಿಯಿರಲಿ, ಒಡಲಿಗೆ ಅಂಟಿಸಿದ ಆ ಬಿಲ್ಲೆ 'ಇಲ್ಲಿದ್ದೇನೆ' ಎಂದು ಸದಾ ಸಂಕೇತ ಬಿಡುತ್ತದೆ. ಉಳಿದವು ಕೇಳಿಸಿಕೊಂಡು ಪಕ್ಕಕ್ಕೆ ಸರಿಯುತ್ತವೆ. ಅದು ಬಂದಮೇಲೆ ಡಿಕ್ಕಿಗಳು ನಿಂತವು. ತೇಲುವ ಮರದ ದಿಮ್ಮಿಗೂ ಬೆದರಿ ಹಡಗು ನಿಲ್ಲಿಸುತ್ತವೆಂದು ಕ್ಯಾಮೆರಾ, ರೇಡಾರುಗಳನ್ನು ತೆಗೆಸಿದವಳೂ ಸುಲಲಿತೆಯೇ. ಬಿಲ್ಲೆ ನುಡಿಯದ ಕಡೆ ಯಾರೂ ಇಲ್ಲ. ಅಷ್ಟು ಸರಳ.

ಮಂಜು ಮುಸುಕಿದ ಒಂದು ಬೆಳಿಗ್ಗೆ, ನಿಯಂತ್ರಣ ಕೊಠಡಿಯ ಪರದೆಯಲ್ಲಿ ಅವಳ ಭಾವ ರತ್ನಾಕರನ ದೋಣಿಯ ಚುಕ್ಕಿ ತಟ್ಟನೆ ಆರಿತು. ಅದರ ನೇರಕ್ಕೆ ಅದಿರಿನ ಹಡಗೊಂದು ಬರುತ್ತಿತ್ತು.

ಅವಳಿಗೆ ಕೂಡಲೇ ಅರ್ಥವಾಯಿತು. ಆ ಚುಕ್ಕಿ ಊರವರ ಮೊಬೈಲಿನಲ್ಲೂ ಕಾಣುತ್ತದೆ. ದೋಣಿ ಒಂದೇ ಕಡೆ ನಿಂತಿತೆಂದರೆ ಮೀನು ಸಿಕ್ಕಿತೆಂದೇ ತಿಳಿದು ಇಡೀ ಬಂದರು ಮುತ್ತಿಕೊಳ್ಳುತ್ತದೆ. ಅದಕ್ಕೇ ಮೀನುಗಾರರು ಬಿಲ್ಲೆಯ ಮೇಲೆ ಅಲ್ಯೂಮಿನಿಯಂ ಪಾತ್ರೆ ಕವುಚಿ ಸಂಕೇತ ಅಡಗಿಸುತ್ತಿದ್ದರು. ಒಮ್ಮೆ ಊಟಕ್ಕೆ ಕೂತಾಗ ಭಾವನೇ ಹೇಳಿದ್ದ, ಅವಳೂ ನಕ್ಕಿದ್ದಳು.

ಫೋನು ಮಾಡಿದಳು. "ಭಾವ, ಪಾತ್ರೆ ತೆಗೀರಿ! ಹಡಗು ಬತ್ತಾ ಇತ್ತ್!"

"ಹ್ವಾಯ್, ಮೆಲ್ಲ ಹೇಳ್ ಮಾರಾಯ್ತಿ," ಭಾವ ನಗುತ್ತಿದ್ದ. "ಬಂಗುಡೆ ರಾಶಿ ಬಿದ್ದಿತ್. ಬಲೆ ಎಳ್ದ್ ಆಯ್ಲಿ. ಈಗ್ ತೆಗ್ದ್ರೆ ಆ ಪಕ್ಕದ್ ದೋಣಿ ಶೇಖರ ಮೂಸ್ಕಂಡ್ ಬತ್ತ. ನಿನ್ ಹಡಗಿಗೆ ಕಣ್ಣಿಲ್ಯಾ?"

ಇರಲಿಲ್ಲ.

ಮತ್ತೆ ಕರೆದರೆ ಎತ್ತಲಿಲ್ಲ. "ಹಡಗು ನಿಲ್ಸಿ!" ಎಂದು ಪಾಳಿಯ ಅಧಿಕಾರಿಯ ತೋಳು ಹಿಡಿದಳು.

ಅವನು ಪರದೆ ನೋಡಿದ. "ಯಾರಿಗೋಸ್ಕರ ಮೇಡಂ? ಅಲ್ಲಿ ಯಾರಿದ್ದಾರೆ? ಸಂಕೇತ ಇಲ್ದೆ ನಿಲ್ಲಿಸಬಾರದು ಅಂತ ನಿಯಮ ಮಾಡಿದ್ದು ನೀವೇ ಅಲ್ವಾ?"

ಅವನನ್ನು ನೂಕಿ ತಾನೇ ಗುಂಡಿ ಒತ್ತಿದಳು. ಆದರೆ ಭಾರ ತುಂಬಿದ ಹಡಗು ನಿಲ್ಲಲು ಹರದಾರಿ ದೂರ ಬೇಕು.

ದೋಣಿಯ ಹಲಗೆಯ ಚೂರುಗಳು ದಡಕ್ಕೆ ಬಂದವು, ರತ್ನಾಕರ ಬರಲಿಲ್ಲ. ವಿಚಾರಣೆಯಲ್ಲಿ ಹಡಗು ನಡೆಸುವ ಯಂತ್ರವನ್ನೇ ಸಾಕ್ಷಿ ಕೇಳಿದರು. ಆ ಹೊತ್ತಿಗೆ ಆ ಜಾಗದಲ್ಲಿ ಕಡಲು ಬರಿದಾಗಿತ್ತು ಎಂದಿತು. ಅಪಘಾತವೇ ಆಗಿಲ್ಲವೆಂದು ತೀರ್ಪಾಯಿತು.

ಅಕ್ಕ ಲೋಲಾಕ್ಷಿ ಅಳಲಿಲ್ಲ. ಹೊರಗೆ ಬಂದು ತಂಗಿಯ ಮುಖ ನೋಡಿದಳು.

"ಅವ್ರ್ ಅಲ್ಲಿ ಇರ್ಲೇ ಇಲ್ಲ ಅಂಬ್ರ್. ಹಾಂಗಾರೆ ಇಷ್ಟ್ ವರ್ಷ ನಾನ್ ಯಾರೊಟ್ಟಿಗೆ ಬಾಳ್ವೆ ಮಾಡ್ದೆ, ಹೆಣೆ?"

ಕೂಗಿ ಹೇಳಿಕೊಳ್ಳದವರನ್ನು ಇಲ್ಲವೆಂದೇ ತಿಳಿದು ಮೇಲೆ ಹಾಯುವುದನ್ನು ಯಂತ್ರ ಸುಲಲಿತೆಯಿಂದ ಕಲಿತಿತ್ತು. ಅವಳು ಕಲಿತದ್ದು ಅವಳ ಹಿರಿಯರಾದ, ಇಂದು ಬದುಕಿರುವ ನಮ್ಮಿಂದ.