ಕೊಂಡಿ ಹಾಕಿದ ಪಾಟಿ

ಹುಚ್ಚೀರಪ್ಪನವರು ತೀರಿಕೊಂಡ ಸುದ್ದಿ ಬಂದಾಗ ಗವಿಸಿದ್ದೇಶ ಏಣಿಯ ಮೇಲೆ ನಿಂತು, ಅವರದೇ ಭಾವಚಿತ್ರವಿದ್ದ ಫ್ಲೆಕ್ಸಿಗೆ ಹಗ್ಗ ಬಿಗಿಯುತ್ತಿದ್ದ.

ಗದಗಿನ ಸ್ಟೇಷನ್ ರಸ್ತೆಯಲ್ಲಿ ಇನಾಯತರ ಕಂಪ್ಯೂಟರ್ ಅಂಗಡಿ. ಗವಿಸಿದ್ದೇಶ ಅಲ್ಲಿ ಎಂಟು ವರ್ಷದಿಂದ ಕೆಲಸಕ್ಕಿದ್ದ. ಫ್ಲೆಕ್ಸಿನಲ್ಲಿ ನೇಕಾರರಿಗೆ ಸೀರೆಯ ನಕ್ಷೆ ಬರೆದುಕೊಡುತ್ತಿದ್ದ ಬೆಟಗೇರಿಯ ಆ ಹಿರಿಯರು ತೊಡೆಯ ಮೇಲೆ ಹೊಸ ಟ್ಯಾಬ್ಲೆಟ್ ಇಟ್ಟುಕೊಂಡು, ಬಿಳಿಯ ಪೆನ್ನು ಹಿಡಿದು, ಸೀರೆಯ ಸೆರಗೊಂದನ್ನು ಬರೆಯುತ್ತ ನಗುತ್ತಿದ್ದರು.

ಕೆಳಗೆ ಇನಾಯತರು ಫೋನನ್ನು ಕಿವಿಯಿಂದ ತೆಗೆದು ಮೇಲೆ ನೋಡಿದರು.

"ಗವೀ, ಕೆಳಗ ಇಳಿ."

"ಇನ್ನೊಂದ ಗಂಟು ಐತ್ರಿ."

"ಇಳಿಯೋ ತಮ್ಮಾ. ಅಜ್ಜಾರು ಹೋದರಂತ. ಮುಂಜಾನೆ ಪೂಜಿಗೆ ಕುಂತಾವರು ಕುಂತಲ್ಲೇ ಹೋದರಂತ."

ಗವಿಸಿದ್ದೇಶ ಇಳಿದು ಬಂದು ಏಣಿಗೆ ಒರಗಿ ನಿಂತ. ಶಿವಶಿವಾ ಎಂದು ತುಟಿ ನುಡಿಯಿತು. ಆದರೆ ಅದರ ಬೆನ್ನಿಗೇ ಮನಸ್ಸಿನಲ್ಲಿ ಎದ್ದ ಮಾತು ಬೇರೆ. ಆ ಟ್ಯಾಬ್ಲೆಟ್ ಅವರ ಮನೆಯಲ್ಲಿಯೇ ಇದೆ. ಅದರೊಳಗೆ ನನ್ನ ಪತ್ರವಿದೆ. ಸತ್ತವರ ಸುದ್ದಿ ಕೇಳಿದ ಗಳಿಗೆಯಲ್ಲಿ ತನ್ನ ಚಿಂತೆ ತನಗೆ ಬಂತಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಮೂರು ತಿಂಗಳ ಹಿಂದೆ ಕಂಪನಿಯವರು ನೋಡುವುದಕ್ಕೆಂದು ಒಂದೇ ಒಂದು ಟ್ಯಾಬ್ಲೆಟ್ ಕಳಿಸಿದ್ದರು. ಹೆಸರು 'ದ್ವಯ'. ಪರದೆ ಬೇರೆ, ಕೀಲಿಮಣೆ ಬೇರೆ. ಹತ್ತಿರ ಹಿಡಿದರೆ ಅಯಸ್ಕಾಂತದಿಂದ ತಾವಾಗಿಯೇ ಕೂಡಿಕೊಂಡು ಲ್ಯಾಪ್‌ಟಾಪ್ ಆಗುತ್ತದೆ. ಕಿತ್ತರೆ ಬರೆಯುವ ಪಾಟಿಯಾಗುತ್ತದೆ. ನೇಕಾರರಿಗೆ ನಕ್ಷೆ ಬರೆಯಲು ಬಂದೀತೆಂದು ಇನಾಯತರು ಹುಚ್ಚೀರಪ್ಪನವರನ್ನು ಕರೆಸಿದರು. ಅವರ ಜೊತೆಗೆ ಮಗಳು ಅನ್ನಪೂರ್ಣ ಬಂದಳು. ತಂದೆ ಚೌಕಳಿ ಕಾಗದದ ಮೇಲೆ ಬರೆದ ನಕ್ಷೆಗಳಿಗೆ ಬಣ್ಣ ತುಂಬುವವಳು ಅವಳೇ. ತಾಯಿ ಇಲ್ಲದ ಮನೆ, ವಯಸ್ಸಾದ ತಂದೆ. ಮೂವತ್ತೊಂದು ತುಂಬಿದರೂ ಮದುವೆಯ ಮಾತು ಮುಂದಕ್ಕೆ ಹೋಗುತ್ತಲೇ ಇತ್ತು.

ಮೊದಲನೆಯ ದಿನ ಹುಚ್ಚೀರಪ್ಪನವರು ಪರದೆಯನ್ನೂ ಕೀಲಿಮಣೆಯನ್ನೂ ಬೇರೆ ಮಾಡಿದರು, ಕೂಡಿಸಿದರು, ಮತ್ತೆ ಬೇರೆ ಮಾಡಿದರು.

"ಇದು ನಮ್ಮ ಕೊಂಡಿ ಹಾಕಿದಂಗ ಆತು," ಎಂದರು.

"ಹಂಗಂದ್ರ ಏನ್ರಿ ಅಜ್ಜಾರ?" ಎಂದ ಗವಿಸಿದ್ದೇಶ.

ಉತ್ತರ ಕೊಟ್ಟವಳು ಅನ್ನಪೂರ್ಣ. "ಸೀರಿ ಮೈ ಬ್ಯಾರೆ ನೇಯತಾರ, ಸೆರಗಿನ ಎಳಿ ಬ್ಯಾರೆ ಇರತಾವ. ಒಂದೊಂದ ಎಳಿ ಒಂದೊಂದಕ್ಕ ಸಿಗಿಸಿ ಕೂಡಸತಾರ. ಅದ ಕೊಂಡಿ. ನಿಮ್ಮೂರು ಲಕ್ಷ್ಮೇಶ್ವರದಾಗ ಸೀರಿ ಉಡೂದಿಲ್ಲೇನ್ರಿ?"

"ಉಡತಾರ್ರಿ. ನಾ ಉಟ್ಟಿಲ್ಲ."

ಅವಳು ನಗು ತಡೆಯಲು ಕೆಳತುಟಿ ಕಚ್ಚಿಕೊಂಡು ಪರದೆಯ ಕಡೆಗೆ ನೋಡಿದಳು. ಪರದೆ ಇನ್ನೂ ಆರಿಯೇ ಇತ್ತು; ಆ ಕಪ್ಪು ಗಾಜಿನಲ್ಲಿ ಅವಳ ಮುಖವಿತ್ತು, ಪಕ್ಕದಲ್ಲಿ ಅವನದೂ ಇತ್ತು. ಅವಳು ನೋಡುತ್ತಿದ್ದದ್ದು ತನ್ನ ಮುಖವನ್ನಲ್ಲ, ಅವನದನ್ನು ಎಂದು ಗವಿಸಿದ್ದೇಶನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಅವನು ಪರದೆ ಹಚ್ಚುವುದನ್ನೇ ಮರೆತ.

ಅಂದಿನಿಂದ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮಂಗಳವಾರ, ಶುಕ್ರವಾರ ಅವರು ಬರುವ ದಿನಗಳು. ಆ ದಿನ ಮುಂಜಾನೆಯಿಂದ ಗಿರಾಕಿಗಳಿಗೆ ಚಾರ್ಜರ್ ಕೇಳಿದರೆ ಮೌಸ್ ಕೊಡುತ್ತಿದ್ದ. ಎದುರಿನ ಚಹಾದಂಗಡಿಯ ದಾವಲಬಿ ಕಪ್ಪು ತೊಳೆಯುತ್ತ ಕೂಗುತ್ತಿದ್ದಳು: "ಏ ಗವಿಸಿದ್ದೇಶ, ಬೆಟಗೇರಿ ಆಟೋ ಇನ್ನೂ ಬಂದಿಲ್ಲ ತಗೋ. ಒಳಗ ಕುಂಡ್ರು."

ಪರದೆಯ ಮೇಲೆ ಮೂರು ಬೆರಳು ಅಡ್ಡ ಎಳೆದರೆ, ಮುಂಚೆ ತೆರೆದಿದ್ದ ಪುಟ ತಿರುಗಿ ಬರುತ್ತದೆಂದು ಅವನು ಒಂದು ದಿನ ತೋರಿಸಿದ. ಹುಚ್ಚೀರಪ್ಪನವರು ಹಣೆಯ ವಿಭೂತಿ ಮುಟ್ಟಿಕೊಂಡು ನಕ್ಕರು.

"ಇದನ್ನ ನನಗ ಯಾರೂ ಕಲಸಬೇಕಿಲ್ಲ. ಅರವತ್ತ ವರ್ಷದಿಂದ ಹಚ್ಚಾಕತ್ತೇನಿ."

ಹಾಗೆ ನಡೆದಿರುವಾಗ ಒಂದು ಮಧ್ಯಾಹ್ನ ಗವಿಸಿದ್ದೇಶ ಆ ಟ್ಯಾಬ್ಲೆಟ್ಟಿನಲ್ಲಿಯೇ ತಾರೀಖು ಹಾಕಿ ಹುಚ್ಚೀರಪ್ಪನವರಿಗೆ ಪತ್ರ ಬರೆದ. ಓದಲು ಕೊಡಬೇಕೆಂದೇ ಬರೆದದ್ದು. ಆದರೆ ಧೈರ್ಯ ಬರಲಿಲ್ಲ. ಹದಿನೈದು ದಿನ ಅದು ಹಾಗೆಯೇ ಉಳಿಯಿತು. ಕೊನೆಗೆ ಅಜ್ಜ, "ಎರಡು ದಿನ ಮನ್ಯಾಗ ಇಟಗೊಂಡು ಬರೀತೇನಿ," ಎಂದು ಕೇಳಿದಾಗ ಸಂತೋಷದಿಂದ ಕೊಟ್ಟುಬಿಟ್ಟ. ಆಟೋ ಹೋದ ಮೇಲೆ ಪತ್ರದ ನೆನಪಾಯಿತು.

ಎರಡು ದಿನ ಕಳೆಯುವುದರೊಳಗೆ ಸಾವಿನ ಸುದ್ದಿ ಬಂತು.

ಅಜ್ಜನನ್ನು ಮಣ್ಣು ಮಾಡುವಲ್ಲಿಗೆ ಹೋದಾಗ ಅನ್ನಪೂರ್ಣ ಒಮ್ಮೆ ಮಾತ್ರ ಅವನ ಕಡೆಗೆ ನೋಡಿದಳು. ಅತ್ತು ಕೆಂಪಾದ ಕಣ್ಣು. ಅದರಲ್ಲಿ ದುಃಖದ ಜೊತೆಗೆ ಸಿಟ್ಟೂ ಇದೆಯೆಂದು ಅವನಿಗೆ ಅನಿಸಿತು. ಪತ್ರ ಓದಿದ್ದಾಳೆ ಎಂದುಕೊಂಡ ಗವಿಸಿದ್ದೇಶ.

ಐದನೆಯ ದಿನ ಅವಳೇ ಅಂಗಡಿಯ ಎದುರು ಬಂದು ನಿಂತಳು. ಒಳಗೆ ಕಾಲಿಡಲಿಲ್ಲ.

"ಅದನ್ನ ಇಳಸ್ರಿ," ಎಂದು ಫ್ಲೆಕ್ಸಿನ ಕಡೆಗೆ ಕೈ ತೋರಿದಳು.

ಗವಿಸಿದ್ದೇಶ ತಲೆ ಎತ್ತಿ ನೋಡಿದ. ಇನಾಯತರು ಗೌರವವೆಂದೇ ಮಾಡಿದ್ದರು. ಭಾವಚಿತ್ರದ ಮೇಲೆ ಹೊಸ ಪಟ್ಟಿ ಅಂಟಿಸಿ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಬರೆಸಿದ್ದರು. ಕೆಳಗಿನ ಸಾಲು ಹಾಗೆಯೇ ಉಳಿದಿತ್ತು: 'ಬುಕಿಂಗ್ ಪ್ರಾರಂಭವಾಗಿದೆ. ಇಂದೇ ಭೇಟಿ ಕೊಡಿ.'

"ಮ್ಯಾಲ ಶ್ರದ್ಧಾಂಜಲಿ, ಕೆಳಗ ಬುಕಿಂಗ್," ಎಂದಳು ಅನ್ನಪೂರ್ಣ. ಧ್ವನಿ ಏರಿಸಲಿಲ್ಲ. "ನಮ್ಮಪ್ಪ ನಿಮ್ಮ ಅಂಗಡಿಗೆ ಯಾಕ ಬರತಿದ್ದರು ಅಂತ ನಾ ತಿಳಕೊಂಡಿದ್ದೆ. ನೀವು ಯಾಕ ಕರೀತಿದ್ದಿರಿ ಅನ್ನೂದು ಈಗ ತಿಳೀತು."

"ನನ್ನ ತಪ್ಪಾತ್ರಿ."

"ತಪ್ಪು ನಿಮ್ಮದ ಅಂತ ನಾ ಎಲ್ಲಿ ಅಂದೆ? ಇಳಸ್ರಿ ಅಂದೆ."

ಅವನು ಏಣಿ ಹತ್ತಿದ. ತಾನೇ ಬಿಗಿದ ಗಂಟುಗಳು ಬಿಚ್ಚಲೊಲ್ಲವು. ಹಲ್ಲಿನಿಂದ ಕಚ್ಚಿ ಬಿಚ್ಚಿದ. ಕೆಳಗೆ ಅವಳು ಏಣಿ ಹಿಡಿದು ನಿಂತಿದ್ದಳು. ಸಿಟ್ಟಿನಲ್ಲಿಯೂ ಏಣಿ ಅಲುಗದಂತೆ ಹಿಡಿದಿದ್ದಳು. ಇದನ್ನು ಅವನು ಮುಂದೆ ಎಷ್ಟೋ ದಿನ ನೆನೆದ. ಫ್ಲೆಕ್ಸನ್ನು ನಾಲ್ಕು ಮಡಿಕೆ ಮಾಡಿ, ಮುಖ ಒಳಗೆ ಬರುವಂತೆ ಸುತ್ತಿ, ಅವಳ ಕೈಗೆ ಕೊಟ್ಟ.

"ಆ ಟ್ಯಾಬ್ಲೆಟ್..." ಎಂದು ಬಾಯಿ ತೆರೆದ.

"ಮುಟ್ಟಿಲ್ಲ ನಾ. ಅಪ್ಪ ಪೂಜಿಗೆ ಕುಂಡ್ರೂ ಮಣಿ ಬಾಜೂಕ ಐತಿ. ಅದನ್ನ ನೋಡಿದ್ರ ಅವರ ಕೈ ಕಂಡಂಗ ಆಗತೈತಿ." ಫ್ಲೆಕ್ಸಿನ ಸುರುಳಿಯನ್ನು ಬಗಲಿಗೆ ಸಿಗಿಸಿಕೊಂಡು ಮತ್ತೆ ಹೇಳಿದಳು. "ಹದಿಮೂರನೇ ದಿನ ತಂದ ಕೊಡತೇವಿ. ಅವತ್ತ ನಮ್ಮ ಕಾಕಾನ ಜೋಡಿ ಅವರ ಊರು ಡೋಣಿಗೆ ಹೊಂಟೇನಿ. ಒಬ್ಬಾಕಿನ್ನ ಬಿಟ್ಟಿರಬಾರದು ಅಂತಾರ."

"ತಿರುಗಿ ಯಾವಾಗ ಬರತೀರಿ?"

"ಅಪ್ಪನ ನಕ್ಷಿ ಎಲ್ಲಾ ಗಂಟು ಕಟ್ಟಿಟ್ಟೇನಿ," ಎಂದಳು. ತಿರುಗಿ ಬರುವ ಮಾತಿಲ್ಲವೆಂದು ಅವನಿಗೆ ಅರ್ಥವಾಯಿತು.

ಪತ್ರವನ್ನು ಅವಳು ಓದಿಲ್ಲವೆಂದು ತಿಳಿದು ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಎಂಟು ದಿನ ಉಳಿದವು. ತಂದೆ ಸತ್ತ ಮನೆಯ ಬಾಗಿಲಿಗೆ ಹೋಗಿ ನಿನ್ನ ಕೈ ಕೊಡು ಎಂದು ಕೇಳುವುದು ಧರ್ಮವಲ್ಲ. ಕೇಳದಿದ್ದರೆ ಅವಳು ಕಪ್ಪತಗುಡ್ಡದ ಬುಡದ ಆ ಊರಿಗೆ ಹೊರಟು ಹೋಗುತ್ತಾಳೆ. ಪ್ರತಿದಿನ ಕೆಲಸ ಮುಗಿಸಿ ಅವನು ತ್ರಿಕೂಟೇಶ್ವರನ ಗುಡಿಗೆ ಹೋಗಿ ಕೂರುತ್ತಿದ್ದ. ಎರಡು ನಿಮಿಷ ಕಳೆಯುವಷ್ಟರಲ್ಲಿ ಎದ್ದು ಪ್ರಾಂಗಣದಲ್ಲಿ ತಿರುಗಾಡುತ್ತಿದ್ದ. ಬೆಟಗೇರಿಯ ರಸ್ತೆಯ ತನಕ ಬೈಕ್ ಒಯ್ದು, ಮಗ್ಗದ ಸದ್ದು ಕೇಳಿಸಿದೊಡನೆ ತಿರುಗಿಸಿ ತರುತ್ತಿದ್ದ.

ಹದಿಮೂರನೆಯ ದಿನವೇ ದ್ವಯದ ಬಿಡುಗಡೆ. ಕಂಪನಿ ಗೊತ್ತು ಮಾಡಿದ ದಿನ, ಮುಂದೂಡಲು ಬರುವುದಿಲ್ಲ. ಅಂಗಡಿಯ ಮೇಲಿನ ಕೋಣೆಯಲ್ಲಿ ಐವತ್ತು ಕುರ್ಚಿ, ಗೋಡೆಗೆ ದೊಡ್ಡ ಪರದೆ. ನೇಕಾರರು, ಶಾಲೆಯ ಮಾಸ್ತರರು, ಶಿರಹಟ್ಟಿಯ ಇಬ್ಬರು ಫೋಟೋ ತೆಗೆಯುವವರು ಬಂದಿದ್ದರು. ಹೊಸ ಟ್ಯಾಬ್ಲೆಟ್ಟುಗಳು ಕೈಯಿಂದ ಕೈಗೆ ಹೋದವು.

"ಅಲ್ಲೋ, ಇದು ಪಾಟಿನೋ ಟೈಪ್ ಮಶೀನೋ?" ಎಂದ ಹುಲಗಪ್ಪ ಎಂಬ ನೇಕಾರ.

"ಎರಡೂ ಹೌದ್ರಿ," ಎಂದ ಗವಿಸಿದ್ದೇಶ. ಅವನ ಕಣ್ಣು ಮೆಟ್ಟಿಲ ಮೇಲಿತ್ತು.

"ಎರಡೂ ಅಂದ್ರ ಒಂದೂ ನೆಟ್ಟಗ ಇರೂದಿಲ್ಲ. ನನ್ನ ಅಳಿಯನ್ನ ನೋಡು, ಹೊಲಾನೂ ಮಾಡತೇನಿ ಅಂಗಡಿನೂ ಮಾಡತೇನಿ ಅಂತಾನ."

ಜನ ನಕ್ಕರು. ಬುಕಿಂಗ್ ಕಾಗದದ ಮೇಲೆ ಯಾರ ಹೆಸರೂ ಬೀಳಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಅನ್ನಪೂರ್ಣ ಕಂಡಳು. ಎದೆಗೆ ಅವಚಿಕೊಂಡ ಟ್ಯಾಬ್ಲೆಟ್. ಹಿಂದೆ ಅವಳ ಕಾಕಾ ದೇವೇಂದ್ರಪ್ಪ, ಹುಚ್ಚೀರಪ್ಪನವರ ತಮ್ಮ, ಕೈಯಲ್ಲಿ ಊರಿಗೆ ಹೋಗುವ ಚೀಲ.

"ಕೊಟ್ಟ ಹೊಕ್ಕೇವ್ರಿ. ಮುಂಡರಗಿ ಬಸ್ಸಿಗೆ ಹೊತ್ತಾಗತೈತಿ," ಎಂದರು ದೇವೇಂದ್ರಪ್ಪ.

ಗವಿಸಿದ್ದೇಶ ಕೈ ಚಾಚಿದ. ಇನಾಯತರು ಅವನಿಗಿಂತ ಮುಂಚೆ ಟ್ಯಾಬ್ಲೆಟ್ ತೆಗೆದುಕೊಂಡರು.

"ಅಜ್ಜಾರು ಬರೆದ ಸೆರಗು ಇದರಾಗ ಐತಿ. ಜನ ಅದನ್ನ ನೋಡಲಿ. ಮತ್ತ ಯಜಮಾನ್ರ, ಇವತ್ತಿನ ಪೂಜಿ ಅಜ್ಜಾರ ಕೈಯಿಂದ ಆಗಬೇಕಿತ್ತು. ಅವರ ಒಡಹುಟ್ಟಿದಾವರು ನೀವು ಅದೀರಿ. ಒಂದ ಐದ ನಿಮಿಷ."

ತಂತಿ ಸಿಗಿಸಿದ್ದಾಯಿತು. ಗೋಡೆಯ ಮೇಲೆ ಹುಚ್ಚೀರಪ್ಪನವರ ಸೆರಗು ಬೆಳಗಿತು. ಕೆಂಪು ನೆಲ, ಬಿಳಿಯ ಗೋಪುರಗಳ ಸಾಲು. ಒಬ್ಬ ಮುದುಕ ಎದ್ದು ಗೋಡೆಯ ಹತ್ತಿರ ಹೋಗಿ ಗೋಪುರದ ಎಳೆಗಳನ್ನು ಬೆರಳಿನಿಂದ ಎಣಿಸಿದ. "ಒಂದ ಎಳಿ ತಪ್ಪಿಲ್ಲ," ಎಂದ.

ದೇವೇಂದ್ರಪ್ಪ ಊದಿನಕಡ್ಡಿ ಬೆಳಗಿದರು. ಎಂಥ ವಸ್ತುವಾದರೂ ಪೂಜೆಗೆ ಇಟ್ಟ ಮೇಲೆ ಅದಕ್ಕೆ ವಿಭೂತಿ ಬೇಡವೇ? ತಟ್ಟೆಯಲ್ಲಿ ಮೂರು ಬೆರಳು ಅದ್ದಿದರು.

"ಯಜಮಾನ್ರ, ಪರದೆಗೆ ಬ್ಯಾಡ್ರಿ, ಹಿಂದಕ..." ಎಂದು ಗವಿಸಿದ್ದೇಶ ಮುಂದೆ ಬಂದ.

ಮೂರು ಬೆರಳು ಆಗಲೇ ಎಡದಿಂದ ಬಲಕ್ಕೆ ಗಾಜಿನ ಮೇಲೆ ಹರಿದಿದ್ದವು. ಸೆರಗು ಸರಿಯಿತು. ಗೋಡೆಯ ತುಂಬ ಪತ್ರ ಬಂದು ನಿಂತಿತು. ಹುಲಗಪ್ಪ, ಸೂಚನಾಫಲಕ ಓದುವವನ ಹಾಗೆ, ಜೋರಾಗಿ ಓದತೊಡಗಿದ.

"'ಪೂಜ್ಯ ಹುಚ್ಚೀರಪ್ಪನವರಿಗೆ ಗವಿಸಿದ್ದೇಶ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಿಮ್ಮ ಮಗಳು ಬರುವ ದಿನ ನನಗೆ ಬೇರೆ ಕೆಲಸ ತಿಳಿಯುವುದಿಲ್ಲ. ಬಾರದ ದಿನ ಯಾವ ಕೆಲಸವೂ ತಿಳಿಯುವುದಿಲ್ಲ. ಅವರು ನಕ್ಷೆಗೆ ಬಣ್ಣ ತುಂಬುವಾಗ ನಾನು ಉಸಿರು ಹಿಡಿದು ನಿಂತಿರುತ್ತೇನೆ. ನಿಮ್ಮ ಒಪ್ಪಿಗೆ ಇದ್ದರೆ ಅವರನ್ನು ಕೈ ಹಿಡಿಯಬೇಕೆಂದು...'"

"ಸಾಕೋ ಹುಲಗಪ್ಪಾ," ಎಂದರು ಇನಾಯತರು.

"ತಡೀರಿ, ಕೆಳಗ ಪೆನ್ನಿಲೆ ಬರೆದದ್ದು ಐತಿ. ಇದು ನಮ್ಮ ಹುಚ್ಚೀರಪ್ಪನ ಅಕ್ಷರ."

ಗವಿಸಿದ್ದೇಶ ತಲೆ ಎತ್ತಿದ. ಅಚ್ಚಿನ ಅಕ್ಷರಗಳ ಕೆಳಗೆ ಕೈಬರಹದ ದುಂಡು ಅಕ್ಷರದ ಸಾಲುಗಳಿದ್ದವು. ಅವನು ಅವನ್ನು ಎಂದೂ ನೋಡಿರಲಿಲ್ಲ.

ಹುಲಗಪ್ಪನ ಧ್ವನಿ ಈಗ ತಗ್ಗಿತು.

"'ಚಿರಂಜೀವಿ ಗವಿಸಿದ್ದೇಶನಿಗೆ ಆಶೀರ್ವಾದ. ಹದಿನೈದು ದಿನ ಪತ್ರ ಬಚ್ಚಿಟ್ಟಿದ್ದಿ, ಇಷ್ಟು ಅಂಜಿದರೆ ಸಂಸಾರ ಹೆಂಗ ಮಾಡತಿ? ನನ್ನ ಮನಸ್ಸು ಒಪ್ಪಿದೆ. ಆದರೆ ಕೊಂಡಿಗೆ ಎರಡು ಕಡೆಯ ಎಳೆ ಬೇಕು. ನನ್ನನ್ನು ಯಾಕೆ ಕೇಳತಿ? ಅವಳನ್ನು ಕೇಳು.'"

ಅದರ ಕೆಳಗೆ ಎರಡು ಎಳೆ, ಒಂದರೊಳಗೊಂದು ಸಿಕ್ಕಿದ ಸಣ್ಣ ಕೊಂಡಿ.

ಅನ್ನಪೂರ್ಣ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಮೆಟ್ಟಿಲು ಇಳಿದಳು. ಗವಿಸಿದ್ದೇಶ ದೇವೇಂದ್ರಪ್ಪನವರ ಮುಖ ನೋಡಿದ. ಅವರು ವಿಭೂತಿಯ ಬೆರಳುಗಳನ್ನೇ ನೋಡುತ್ತಿದ್ದರು.

"ನನ್ನ ಮಾರಿ ಏನ ನೋಡತಿ?" ಎಂದರು. "ಅಣ್ಣ ಯಾರನ್ನ ಕೇಳಂದಾನ?"

ಅವಳು ಕೆಳಗಿನ ಕಟ್ಟೆಯ ಮೇಲೆ ಕೂತು ಅಳುತ್ತಿದ್ದಳು. ಅವನು ಎರಡು ಮೆಟ್ಟಿಲು ಮೇಲೆಯೇ ನಿಂತ.

"ಅಪ್ಪ ಕಡೀ ದಿನ ಬಾಳ ನಗತಿದ್ದರು," ಎಂದಳು ಅವನ ಕಡೆಗೆ ತಿರುಗದೆ. "ಏನಪ್ಪಾ ಅಂದ್ರ, ಏನಿಲ್ಲವ್ವಾ, ಒಂದ ಪತ್ರ ಬಂದೈತಿ ಅಂದರು. ಅಂಚೆಯವ ಬಂದಿಲ್ಲಲ್ಲ ಅಂದೆ. ಮತ್ತ ನಕ್ಕರು."

"ಅನ್ನಪೂರ್ಣಾರ, ನಾ ಕೇಳೂ ಹೊತ್ತು ಇದಲ್ಲ."

"ಮತ್ತ ಡೋಣಿಗೆ ಬಂದು ಕೇಳತೀರೇನು?"

ಅವನು ಎರಡು ಮೆಟ್ಟಿಲು ಇಳಿದ. "ನನ್ನ ಮದುವಿ ಆಗತೀರೇನ್ರಿ?"

ಅವಳು ಕಣ್ಣೊರೆಸಿಕೊಂಡು ಅವನ ಮುಖವನ್ನು ನೇರವಾಗಿ ನೋಡಿದಳು. ಈ ಸಲ ಗಾಜು ನಡುವೆ ಇರಲಿಲ್ಲ.

"ನಾ ಬೆಟಗೇರಿ ಬಿಡೂದಿಲ್ಲ. ಅಪ್ಪನ ನಕ್ಷಿ ಬಿಡೂದಿಲ್ಲ."

"ಬಿಡಬ್ಯಾಡ್ರಿ."

"ಫ್ಲೆಕ್ಸ್ ಮಾಡಸಬಾರದು. ಮದುವಿಗೂ."

"ಇಲ್ರಿ."

"ಆತು ಹಂಗಾರ," ಎಂದಳು ಅನ್ನಪೂರ್ಣ. ತುಟಿಯ ತುದಿಯಲ್ಲಿ ಆ ಮೊದಲ ದಿನದ ನಗು ಬಂದು, ಅಳುವಿನೊಡನೆ ಬೆರೆತು ಹೋಯಿತು.

ಮೇಲಿನಿಂದ ದೇವೇಂದ್ರಪ್ಪ ಚೀಲ ಹಿಡಿದು ಇಳಿದು ಬಂದರು. ಇಬ್ಬರನ್ನೂ ನೋಡಿ ಚೀಲವನ್ನು ಕಟ್ಟೆಯ ಮೇಲಿಟ್ಟರು. "ಬಸ್ಸು ಹೋತು. ಊರಿಂದ ನಿನ್ನ ಚಿಗವ್ವ ಮುತ್ತವ್ವನ್ನ ನಾಳೆ ಇಲ್ಲಿಗೇ ಕರಕೊಂಡ ಬರತೇನಿ. ಮದುವಿ ಆಗೂಮಟ ನಿನ್ನ ಜೋಡಿ ಇರತಾಳ."

ಮೇಲೆ ಹುಲಗಪ್ಪ ಬುಕಿಂಗ್ ಕಾಗದ ಕೇಳುತ್ತಿದ್ದ. "ಆ ಪಾಟಿ ಬರಕೊ ನನಗ. ಸತ್ತಾವರ ಉತ್ತರ ತಂದ ಕೊಡತೈತಿ ಅಂದ ಮ್ಯಾಲ ಕೆಲಸಕ್ಕ ಬರತೈತಿ."

ಗವಿಸಿದ್ದೇಶ ಆ ಟ್ಯಾಬ್ಲೆಟ್ಟನ್ನು ಅನ್ನಪೂರ್ಣಳ ಕೈಗೆ ತಂದುಕೊಟ್ಟ. ಪರದೆಯ ಮೇಲೆ ಮೂರು ಬಿಳಿಯ ಪಟ್ಟಿ ಹಾಗೆಯೇ ಇದ್ದವು. ಅವನು ಒರೆಸಲಿಲ್ಲ, ಅವಳೂ ಒರೆಸಲಿಲ್ಲ. ಇಬ್ಬರೂ ಹುಚ್ಚೀರಪ್ಪನವರನ್ನು ನೆನೆದು ತಲೆಬಾಗಿ ನಿಂತರು.

ಶಿವನೇ, ಬದುಕಿದ್ದಷ್ಟು ದಿನ ಊರವರ ಮೈಮೇಲಿನ ಸೀರೆಗೆ ಚೆಲುವು ಕೊಟ್ಟ ಜೀವವಿದು. ಹೋಗುವ ಮುನ್ನ ಇಬ್ಬರನ್ನು ಕೂಡಿಸಿ ಹೋಯಿತು. ಅದನ್ನು ನಿನ್ನ ಪಾದಕ್ಕೆ ಕೂಡಿಸಿಕೊ. ಅದರ ದಣಿದ ಕೈಗಳಿಗೆ ವಿಶ್ರಾಂತಿ ಕೊಡು, ಅದರ ಆತ್ಮಕ್ಕೆ ಶಾಂತಿ ಕೊಡು.